ಟೇಪಕ್ಕನ ಕೌದಿಯ ಅಲೆ

ಆಸ್ಪತ್ರೆಯಲ್ಲಿ ನೀವು ಮಲಗಿದ್ದ ಮಂಚದ ಬೆಡ್‌ಶೀಟು ಹರಿದು ಹೊಲಿದದ್ದು. ನಿಮ್ಮ ಅಪ್ಪನ ಮಂಚದ್ದೂ ಅಷ್ಟೇ. ನಿಮ್ಮ ಮಗು ಹುಟ್ಟಿದ ಕೂಡಲೇ ಸುತ್ತಿ ನಿಮ್ಮ ಕೈಗಿಟ್ಟರಲ್ಲ, ಆ ಬಟ್ಟೆಯೂ ಅಷ್ಟೇ. ಯಾವ ಆಸ್ಪತ್ರೆಯೂ ಹರಿದ ಕೂಡಲೇ ಹೊಸದು ಕೊಳ್ಳುವುದಿಲ್ಲ. ಹರಿದದ್ದು ನೆಲಮಾಳಿಗೆಗೆ ಇಳಿಯುತ್ತದೆ, ಹೊಲಿಸಿಕೊಂಡು ಮೇಲೆ ಬರುತ್ತದೆ. ಆ ಹೊಲಿಗೆ ನಿಮ್ಮ ಬೆನ್ನಿಗೆ ಚುಚ್ಚಲಿಲ್ಲ, ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ಚುಚ್ಚಿದ್ದರೆ ನರ್ಸಮ್ಮನನ್ನು ಕರೆದು ಕೂಗಾಡುತ್ತಿದ್ದಿರಿ. ಚುಚ್ಚದ ಹಾಗೆ ಹೊಲಿದವಳು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಬಿಡಿ, ನಾನೇ ಹೇಳುತ್ತೇನೆ.

ಆಸ್ಪತ್ರೆಯವರೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಾರೆ. ಅಳತೆಯ ಟೇಪು ಸದಾ ಕೊರಳಲ್ಲೇ ಇರುತ್ತದೆ. ಊಟಕ್ಕೆ ಕೂತಾಗಲೂ, ಮನೆಗೆ ಹೋಗುವ ಬಸ್ಸಿನಲ್ಲೂ. "ಸರ ಮಾಡಿಸಿಕೊಡಿ ಅಂತ ಕೇಳದ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ" ಎಂದು ಗಂಡ ಕಂಡಕಂಡವರಿಗೆಲ್ಲ ಹೇಳುತ್ತಾನೆ. ವಿನಯ ಅವಳ ಜಾಯಮಾನದಲ್ಲೇ ಇಲ್ಲ. "ನಾನು ಹೊಲಿದ ಜಾಗದಲ್ಲಿ ಮತ್ತೆ ಹರಿಯಲ್ಲ. ಹರಿದ್ರೆ ಪಕ್ಕದಲ್ಲಿ ಹರೀಬೇಕು" ಎನ್ನುತ್ತಾಳೆ, ಎದುರಿಗಿರುವವರು ಡಾಕ್ಟರೇ ಆಗಿರಲಿ, ಬಾಗಿಲು ಕಾಯುವವನೇ ಆಗಿರಲಿ. ಅವಳ ಹೆಮ್ಮೆ ನನಗೆ ಇಷ್ಟ. ದುಡಿಯುವವರು ತಗ್ಗಿಬಗ್ಗಿ ಇರಬೇಕೆಂದು ಬಯಸುವವರು ಯಾರು ಎಂದು ಸ್ವಲ್ಪ ಯೋಚಿಸಿ ನೋಡಿ, ನಿಮಗೂ ಇಷ್ಟವಾದೀತು.

ಅವಳು ಕೂರುವ ಹೊಲಿಗೆ ಕೋಣೆ ಬಟ್ಟೆ ಒಗೆಯುವ ಹಜಾರದ ಪಕ್ಕದಲ್ಲಿದೆ. ತಲೆಯ ಮೇಲೆ ಬಿಸಿನೀರಿನ ಕೊಳವೆಗಳು ಗೊರಗುಡುತ್ತಿರುತ್ತವೆ. ಒಂದೇ ಕಿಟಕಿ, ಅದೂ ಸೂರಿನ ಹತ್ತಿರ. ಅದರಿಂದ ಕಾಣುವುದು ಹೊರಗೆ ಓಡಾಡುವವರ ಕಾಲುಗಳು ಮಾತ್ರ. ಚಪ್ಪಲಿಯ ಸವೆತ ನೋಡಿಯೇ ಯಾರು ಹೋದರೆಂದು ಟೇಪಕ್ಕ ಹೇಳಬಲ್ಲಳು. ಅವಳ ಮಷಿನ್ನಿನ ಮುಂದಿನ ಸ್ಟೂಲು ನಡುವೆ ತಗ್ಗಿದೆ. ಆ ತಗ್ಗು ಅವಳ ಅತ್ತೆಯದು. ಅದೇ ಸ್ಟೂಲಿನ ಮೇಲೆ ಕೂತು ಅತ್ತೆ ಜೀವಮಾನವಿಡೀ ಹೊಲಿದರು. ಮದುವೆಯಾಗಿ ಬಂದ ಸೊಸೆಯನ್ನು ಕೈಹಿಡಿದು ಆ ಕೋಣೆಗೆ ಕರೆತಂದು, "ನೋಡು, ಮನೇಲಿ ನಾನು ಅತ್ತೆ. ಇಲ್ಲಿ ನಿನ್ನ ಮೇಸ್ತ್ರಿ. ಎರಡು ಕಡೇನೂ ತಪ್ಪಿಸ್ಕೊಳ್ಳೋಕೆ ಆಗಲ್ಲ" ಎಂದಿದ್ದರಂತೆ. ಈಗ ಅತ್ತೆಯ ಬೆರಳ ಗಿಣ್ಣುಗಳು ಊದಿ ಸೆಟೆದುಕೊಂಡಿವೆ. ಮನೆಯ ಮುಂದಿನ ಕೋಣೆಯಲ್ಲಿ, ಬೆಳಕು ಬೀಳುವ ಕಡೆ ಮಂಚ ಹಾಕಿಸಿಕೊಂಡು ಕೂತಿರುತ್ತಾರೆ.

ಆಸ್ಪತ್ರೆಗೆ ಹೊಸ ಹಜಾರ ಕಟ್ಟಿದರು. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಗೋಡೆ ಖಾಲಿ ಇತ್ತು. ಗುಡ್ಡದ್ದೋ ಸಮುದ್ರದ್ದೋ ದೊಡ್ಡ ಚಿತ್ರವೊಂದನ್ನು ಅಚ್ಚು ಹಾಕಿಸಿ ತೂಗುಹಾಕೋಣ ಎಂದು ಮ್ಯಾನೇಜರು ಹೇಳುತ್ತಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಟೇಪಕ್ಕ ಮೆಟ್ಟಿಲು ಹತ್ತಿ ಅವರ ಕೋಣೆಗೇ ಹೋದಳು.

"ಸಾರ್, ಆ ಗೋಡೆ ನಮಗೆ ಬಿಡಿ. ಕೌದಿ ಹೊಲಿದು ಹಾಕ್ತೀವಿ."

"ಕೌದಿನಾ? ಯಾವ ಬಟ್ಟೇಲಿ?"

"ನಿಮ್ಮ ಬಟ್ಟೇಲೇ. ಇನ್ನು ಹೊಲಿಯೋಕೇ ಆಗಲ್ಲ ಅಂತ ಮೂಲೆಗೆ ಬಿದ್ದಿರೋದು."

ಮ್ಯಾನೇಜರು ಕೆಟ್ಟವರಲ್ಲ. ಒಪ್ಪಿದರು. ಆದರೆ ಹಜಾರ ತೆರೆಯುವ ದಿನಕ್ಕೆ ಕೌದಿ ಗೋಡೆಗೆ ಒಪ್ಪುವ ಹಾಗೆ ಇರಬೇಕು, ಇಲ್ಲದಿದ್ದರೆ ಗುಡ್ಡದ ಚಿತ್ರವೇ ಎಂದರು. ಕೋಣೆಯ ಹೆಂಗಸರೆಲ್ಲ ಸೇರಿ ಸವೆದ ಬೆಡ್‌ಶೀಟು, ನೀಲಿ ಹೋಗಿ ಬೂದುಬಣ್ಣಕ್ಕೆ ತಿರುಗಿದ ನರ್ಸುಗಳ ಕೋಟು, ಆಪರೇಷನ್ನಿನ ಹಸಿರು ನಿಲುವಂಗಿ, ಮಕ್ಕಳ ವಾರ್ಡಿನ ಚೌಕಳಿ ಪರದೆ, ಎಲ್ಲದರಲ್ಲೂ ಗಟ್ಟಿಯಾಗಿ ಉಳಿದ ಭಾಗ ಹುಡುಕಿ ಕತ್ತರಿಸಿ ಜೋಡಿಸಿದರು. ಒಳಗೆ ಹಳೆಯ ಕಂಬಳಿ, ಹಿಂದೆ ಒಂದು ಬಿಳಿ ಶೀಟು.

ನಡುಭಾಗವನ್ನು ಹೊಲಿದದ್ದು ಅತ್ತೆ. ಯಾರೂ ಕೇಳಿರಲಿಲ್ಲ, ತಾವೇ ಕೇಳಿ ಪಡೆದರು. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡರೆ ಬೆರಳು ಸ್ವಲ್ಪ ಹೊತ್ತು ಮಾತು ಕೇಳುತ್ತಿದ್ದವು. ಆ ಸ್ವಲ್ಪ ಹೊತ್ತಿನಲ್ಲೇ, ಮನೆಗೆ ತರಿಸಿಕೊಂಡ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ನೀರಿಗೆ ಕಲ್ಲೆಸೆದಾಗ ಏಳುವ ಉಂಗುರಗಳ ಹಾಗೆ ಸುತ್ತು ಸುತ್ತಾಗಿ ಟಾಕು ಹಾಕುತ್ತಾ ಹೋದರು. ಕಡೆಯ ಸುತ್ತು ಮುಗಿದ ದಿನ ಸೂಜಿಯನ್ನು ಸೊಸೆಯ ಸೆರಗಿಗೆ ಚುಚ್ಚಿ, "ಇನ್ನು ನನ್ನ ಕೈಲಿ ಆಗಲ್ಲಮ್ಮ. ಇದೇ ಕೊನೇದು" ಎಂದರು.

ಸುತ್ತಲಿನ ಭಾಗಕ್ಕೆ ಉಳಿದವರು ದೂರ ದೂರ ಟಾಕು ಹಾಕಿ ಬೇಗ ಮುಗಿಸಿದರು. ಕೊನೆಗೆ ಅಂಗೈ ಅಗಲದ ಅಂಚುಪಟ್ಟಿಯನ್ನು ಟೇಪಕ್ಕ ತಾನೇ ಮಷಿನ್ನಿನಲ್ಲಿ ಓಡಿಸಿದಳು. ನೆಲದ ಮೇಲೆ ಹಾಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಕೌದಿಯ ಅಂಚು ಹಪ್ಪಳದ ಹಾಗೆ ಮೇಲೆದ್ದಿತ್ತು. ಈ ಕಡೆ ಒತ್ತಿದರೆ ಆ ಕಡೆ ಏಳುತ್ತದೆ, ಆ ಕಡೆ ಒತ್ತಿದರೆ ಮೂಲೆ ಬಾಯಿ ತೆರೆಯುತ್ತದೆ.

ಬಟ್ಟೆಗಳಿಗೆ ಇಸ್ತ್ರಿ ಹಾಕುವವನನ್ನು ಅಲ್ಲಿ ಎಲ್ಲರೂ ಇಸ್ತ್ರಿಯಣ್ಣ ಎಂದೇ ಕರೆಯುವುದು. ಅವನು ಬಂದು ನೋಡಿ ನಕ್ಕ.

"ಏನಕ್ಕಾ, ಗುಡ್ಡದ ಚಿತ್ರ ಬೇಡ ಅಂತ ಹೇಳಿ ನೀವೇ ಗುಡ್ಡ ಮಾಡಿಟ್ಟಿದ್ದೀರಲ್ಲ."

"ಹಲ್ಲು ಕಿರೀಬೇಡ. ಇಸ್ತ್ರಿ ತಗೊಂಡು ಬಾ."

ಉಗಿ ಬಿಟ್ಟು ಒತ್ತಿದರು. ಬಿಸಿ ಇರುವವರೆಗೆ ಅಂಚು ಸುಮ್ಮನೆ ಮಲಗಿತು, ಆರಿದ ಮೇಲೆ ಎದ್ದು ಕೂತಿತು. ಒಣಗಿದ ಶೀಟುಗಳ ಗಂಟುಗಳನ್ನು ಹೇರಿಟ್ಟು ನೋಡಿದರು. ಗಂಟು ಎತ್ತಿದ ಮೇಲೆ ಮತ್ತೆ ಅದೇ ಕತೆ. ಒದ್ದೆ ಮಾಡಿ ಎಳೆದು ಒಣಗಿಸಿದರು. ಬೀಳ್ಕೊಟ್ಟ ನೆಂಟರು ಕೊಡೆ ಮರೆತೆವೆಂದು ವಾಪಸು ಬರುವ ಹಾಗೆ ಅಲೆ ವಾಪಸು ಬಂತು.

ಮ್ಯಾನೇಜರು ಕೆಳಗಿಳಿದು ಬಂದು ಸುತ್ತಲೂ ನಡೆದು ನೋಡಿದರು. ಕಣ್ಣು ಅವರಿಗೂ ಇತ್ತು. "ನಡುಭಾಗದಲ್ಲಿ ಟಾಕು ತುಂಬಾ ಬಿಗಿಯಾಗಿದೆ ಅಲ್ವಾ? ಅದೇ ಎಳೀತಾ ಇರೋದು. ಅದನ್ನ ಬಿಚ್ಚಿ ಸಡಿಲವಾಗಿ ಹೊಲೀರಿ, ಸರಿಹೋಗತ್ತೆ" ಎಂದರು. ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ಕೋಣೆಯ ಹೆಂಗಸರೂ ತಲೆಯಾಡಿಸಿದರು. ಟೇಪಕ್ಕ ನಡುವಿನ ಸುತ್ತುಗಳನ್ನು ನೋಡಿದಳು. ಬಿಚ್ಚಿದರೆ ಕೌದಿ ಗೋಡೆ ಹತ್ತುತ್ತದೆ, ಅತ್ತೆಯ ಕೈಗೆಲಸ ಕಸದ ಬುಟ್ಟಿಗೆ ಹೋಗುತ್ತದೆ. ಬಿಚ್ಚದಿದ್ದರೆ ಕೌದಿಯೇ ಮೂಲೆ ಸೇರುತ್ತದೆ. ಆ ಬೆರಳುಗಳಿಂದ ಇನ್ನೊಂದು ಸಲ ಆ ಸುತ್ತುಗಳು ಬರುವುದಿಲ್ಲ.

ಕೌದಿಯನ್ನು ಮಡಚಿ ಮನೆಗೆ ಹೊತ್ತುಕೊಂಡು ಬಂದಳು. ಮುಂದಿನ ಕೋಣೆಯ ನೆಲದ ತುಂಬಾ ಹಾಸಿದಳು. ಗಂಡ ಗೋಡೆಗೆ ಆತುಕೊಂಡು ನಿಂತ. ಅತ್ತೆ ಮಂಚದಿಂದಲೇ ಬಗ್ಗಿ ನೋಡಿದರು.

"ಏನೇ ಇದು, ಸಮುದ್ರ?"

ಟೇಪಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ, "ನನ್ನ ಕೈ ಮೊದಲಿಂದಲೂ ಬಿಗಿ. ಬಿಚ್ಚಿಬಿಡು. ದಾರ ತಾನೇ" ಎಂದರು.

"ಅತ್ತೆ, ನೀವು ಸುಮ್ನಿರಿ."

"ನಾನ್ಯಾಕೆ ಸುಮ್ನಿರಲಿ? ಗೋಡೆ ಕೇಳಿದವಳು ನೀನು. ಬಿಚ್ಚು ಅಂದೆನಲ್ಲ."

ಟೇಪಕ್ಕ ಚಿಕ್ಕ ಕತ್ತರಿ ತೆಗೆದುಕೊಂಡು ನಡುವಿನ ಮೊದಲ ಟಾಕಿನ ಕೆಳಗೆ ತುದಿ ತೂರಿಸಿದಳು. ಕೈ ಮುಂದಕ್ಕೆ ಹೋಗಲಿಲ್ಲ. ಕತ್ತರಿಯನ್ನು ಹಾಗೇ ಹಿಂದಕ್ಕೆಳೆದು ಪಕ್ಕಕ್ಕಿಟ್ಟಳು. ಏನಾದರೂ ಮಾಡಬೇಕಲ್ಲ, ಮಾಡಲು ತೋಚದೆ ಕೊರಳ ಟೇಪನ್ನು ಎಳೆದು ಕೌದಿಯ ನಡುವೆ, ಈ ಬದಿಯಿಂದ ಆ ಬದಿಗೆ ಹಿಡಿದಳು. ಆಮೇಲೆ ಅದೇ ಟೇಪನ್ನು ಅಂಚಿನ ಏರಿಳಿತದ ಜೊತೆಗೇ ಓಡಿಸಿದಳು. ನಡುವಿಗಿಂತ ಅಂಚು ಒಂದು ಗೇಣು ಉದ್ದವಿತ್ತು.

ಎರಡನೇ ಸಲ ಅಳೆದಳು. ಆಗಲೂ ಒಂದು ಗೇಣು.

"ಅಂಚುಪಟ್ಟಿ ಹೊಲಿಯೋ ಮುಂಚೆ ಅಳೆದಿದ್ದೆಯಾ?" ಅತ್ತೆಯ ದನಿ ಮೆಲ್ಲಗಿತ್ತು.

ಇಲ್ಲಿ ಒಂದು ಮಾತು ತಿಳಿದಿರಬೇಕು. ಹರಿದ ಶೀಟಿನ ಅಂಚಿಗೆ ಪಟ್ಟಿ ಹಾಕುವಾಗ ಆ ಕೋಣೆಯಲ್ಲಿ ಯಾರೂ ಅಳೆಯುವುದಿಲ್ಲ. ಉದ್ದನೆಯ ಪಟ್ಟಿಯನ್ನು ಮಷಿನ್ನಿಗೆ ಕೊಟ್ಟು, ಎಡಗೈಯಲ್ಲಿ ಎಳೆಯುತ್ತಾ ಓಡಿಸಿ, ಕೊನೆಯಲ್ಲಿ ಮಿಕ್ಕಿದ್ದನ್ನು ಕಚಕ್ಕೆಂದು ಕತ್ತರಿಸಿ ಬಿಸಾಡುತ್ತಾರೆ. ಶೀಟನ್ನು ಹಾಸಿಗೆಯಡಿ ಸಿಕ್ಕಿಸುವುದರಿಂದ ಅದು ಎಷ್ಟು ಹಿಗ್ಗಿದರೂ ಕಾಣುವುದಿಲ್ಲ. ಕೆಲಸ ಬೇಗ ಸಾಗುತ್ತದೆ. ಟೇಪಕ್ಕ ಕೌದಿಗೂ ಹಾಗೇ ಓಡಿಸಿದ್ದಳು. ಎಳೆದ ಪಟ್ಟಿ ಹಿಗ್ಗಿತ್ತು, ಹಿಗ್ಗಿದ್ದಕ್ಕೆ ಜಾಗ ಸಾಲದೆ ಅಲೆಯಾಗಿ ಎದ್ದಿತ್ತು.

"ಅಯ್ಯೋ ನನ್ನ ಕರ್ಮವೇ!" ಎಂದು ಹಣೆ ಚಚ್ಚಿಕೊಂಡಳು. "ನನ್ನ ತಪ್ಪಿಗೆ ನಿಮ್ಮ ಹೊಲಿಗೆ ಬಿಚ್ಚೋಕೆ ಹೊರಟಿದ್ದೆನಲ್ಲ."

ಗಂಡನಿಗೆ ಇಷ್ಟೇ ಸಾಕಾಯಿತು. "ಕೊರಳಲ್ಲಿ ಟೇಪು ಇದ್ದಿದ್ದು ಮತ್ತೆ ಯಾತಕ್ಕೆ? ನಾನೇ ಸರ ಮಾಡಿಸಬೇಕಿತ್ತು."

ಅತ್ತೆ ನಕ್ಕ ನಗುವಿಗೆ ಮಂಚ ಕಿರುಗುಟ್ಟಿತು. ಆಮೇಲೆ ಕಣ್ಣೊರೆಸಿಕೊಂಡು, "ನಗಾಡಿದ್ದು ಸಾಕು. ಪಟ್ಟಿ ಬಿಚ್ಚು. ನಡುವಿನ ಅಳತೆಗೆ ಕತ್ತರಿಸು. ಸುತ್ತಲಿನ ಟಾಕು ನನ್ನಷ್ಟೇ ಹತ್ತಿರ ಬರಬೇಕು, ತಿಳೀತಾ? ನಡುವೆ ಬಿಗಿ, ಆಚೆ ಸಡಿಲ ಅಂದ್ರೆ ಅದು ಏಳದೆ ಇನ್ನೇನು ಮಾಡತ್ತೆ?" ಎಂದರು. ಮನೆಯ ಅತ್ತೆ ಮತ್ತೆ ಮೇಸ್ತ್ರಿಯಾದರು.

ಮರುದಿನ ಟೇಪಕ್ಕ ಹೊಲಿಗೆ ಕೋಣೆಯ ನಡುವೆ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ, "ತಪ್ಪು ನಡುಭಾಗದ್ದಲ್ಲ, ನನ್ನದು. ಅಂಚು ಅಳೀಲಿಲ್ಲ" ಎಂದಳು. ಹೆಮ್ಮೆಯಿರುವವಳಿಗೇ ಹಾಗೆ ಹೇಳಲು ಬರುವುದು. ಪಟ್ಟಿ ಬಿಚ್ಚಿದಳು. ಹೊಸ ಪಟ್ಟಿಯನ್ನು ನಡುವಿನ ಅಳತೆಗೆ ಸರಿಯಾಗಿ ಕತ್ತರಿಸಿ, ಎರಡು ತುದಿಗೂ ಮಧ್ಯಕ್ಕೂ ಮೊದಲು ಪಿನ್ನು ಚುಚ್ಚಿ, ಕೌದಿಯ ಹಿಗ್ಗಿದ ಅಂಚನ್ನು ಆ ಪಿನ್ನುಗಳ ನಡುವೆ ಸಮನಾಗಿ ಹಂಚಿದಳು. ಈ ಸಲ ಎಡಗೈ ಎಳೆಯಲಿಲ್ಲ. ಸುತ್ತಲಿನ ಭಾಗದಲ್ಲಿ ಎಲ್ಲರೂ ಸೇರಿ, ಅತ್ತೆಯ ಸುತ್ತುಗಳನ್ನೇ ಮುಂದುವರಿಸಿ ಅಂಚಿನವರೆಗೂ ಹತ್ತಿರ ಹತ್ತಿರ ಟಾಕು ಹಾಕಿದರು. ಬೆರಳ ತುದಿ ಸುಲಿದುಹೋದರೂ ಒಬ್ಬಳೂ ಸೂಜಿ ಕೆಳಗಿಡಲಿಲ್ಲ.

ಆಮೇಲೆ ಕೌದಿಯನ್ನು ತಣ್ಣೀರಿನಲ್ಲಿ ಅದ್ದಿದರು. ಬಣ್ಣ ಬಿಡುವ ಭಯ ಇರಲಿಲ್ಲ, ಆ ಬಟ್ಟೆಗಳು ಕುದಿಯುವ ನೀರು ನೋಡಿದಷ್ಟು ಸಲ ನಾವು ಕನ್ನಡಿ ನೋಡಿಲ್ಲ. ಹಿಂಡಲಿಲ್ಲ. ಟವೆಲಿನಲ್ಲಿ ಸುತ್ತಿ, ಒತ್ತಿ ನೀರು ತೆಗೆದರು. ಇಸ್ತ್ರಿಯಣ್ಣ ಮೂಲೆಗೆಸೆದಿದ್ದ ಹಳೆಯ ನಾರಿನ ಹಾಸಿಗೆಗಳನ್ನು ಎಳೆದು ತಂದು ನೆಲದ ಮೇಲೆ ಒತ್ತೊತ್ತಾಗಿ ಜೋಡಿಸಿದ. ಅದರ ಮೇಲೆ ಕೌದಿ ಹರಡಿದರು. ಟೇಪಕ್ಕ ಬರಿಗಾಲಲ್ಲಿ, ಮಂಡಿಯೂರಿ, ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರುತ್ತಾ ಬಂದಳು. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದಳು. ಎರಡೂ ಕರ್ಣ ಸಮ ಬರುವವರೆಗೆ ಇಷ್ಟಿಷ್ಟೇ ಸರಿಸಿದಳು. ಅಂಚಿನುದ್ದಕ್ಕೂ ಹಾಸಿಗೆಗೆ ಪಿನ್ನು ಚುಚ್ಚಿ, ಫ್ಯಾನು ಹಾಕಿ, ಬಾಗಿಲಿಗೆ ಅಡ್ಡ ಕೂತಳು.

"ಸ್ವಲ್ಪ ಇಸ್ತ್ರಿ ಮುಟ್ಟಿಸಲಾ ಅಕ್ಕಾ?"

"ಮುಟ್ಟಿಸಿದ್ರೆ ನಿನ್ನ ಕೈಗೇ ಇಸ್ತ್ರಿ ಮಾಡ್ತೀನಿ. ತಾನಾಗಿ ಒಣಗಲಿ."

ಪೂರ್ತಿ ಒಣಗಿದ ಮೇಲೆ ಪಿನ್ನು ತೆಗೆದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿ ಬರಿಯ ನೆಲದ ಮೇಲೆ ಇಳಿಸಿದರು. ಕೌದಿ ನೆಲ ಕಂಡ ಕೂಡಲೇ ನೆಲವೇ ಆಗಿಬಿಟ್ಟಿತು. ಎಲ್ಲೂ ಒಂದು ಎಳೆ ಏಳಲಿಲ್ಲ. ಇಸ್ತ್ರಿಯಣ್ಣ ಸಿಳ್ಳೆ ಹಾಕಿದ.

ಹಜಾರ ತೆರೆಯುವ ದಿನ ಗಾಲಿಕುರ್ಚಿಯಲ್ಲಿ ಅತ್ತೆಯನ್ನು ಕರೆತಂದರು. ಬದುಕಿಡೀ ಅದೇ ಆಸ್ಪತ್ರೆಯಲ್ಲಿ ದುಡಿದವರು ಮುಂಬಾಗಿಲಿನಿಂದ ಒಳಗೆ ಬಂದದ್ದು ಅದೇ ಮೊದಲ ಸಲ. ಹೊಲಿಯುವವರಿಗೆ ಇದ್ದದ್ದು ಹಿತ್ತಿಲ ಬಾಗಿಲು ಮಾತ್ರ. ಇದನ್ನು ಓದಿ ಬಿಟ್ಟುಬಿಡಬೇಡಿ, ಇನ್ನೊಂದು ಸಲ ಓದಿ. ಕುರ್ಚಿಯನ್ನು ಕೌದಿ ತೂಗುತ್ತಿದ್ದ ಗೋಡೆಯ ಹತ್ತಿರಕ್ಕೆ ತಳ್ಳಿದಾಗ ಅತ್ತೆ ಕೈ ಚಾಚಿ, ತಮ್ಮ ಸುತ್ತುಗಳಿಂದ ಸೊಸೆಯ ಅಂಚಿನವರೆಗೆ ಅಂಗೈ ಸವರಿಕೊಂಡು ಹೋದರು. ಎಲ್ಲಿ ತಮ್ಮದು ಮುಗಿದು ಇತರರದು ಶುರುವಾಯಿತೆಂದು ಅವರ ಕೈಗೇ ಸಿಗಲಿಲ್ಲ. ಹಿಂದಕ್ಕೆ ತಂದು ಮತ್ತೆ ಸವರಿದರು. ಆಗಲೂ ಸಿಗಲಿಲ್ಲ.

"ಪರವಾಗಿಲ್ಲ" ಎಂದರು.

ಆ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಟೇಪಕ್ಕ ಕೊರಳ ಟೇಪನ್ನು ಸರಿಮಾಡಿಕೊಂಡು, ನೆರೆದ ಜನರೆಲ್ಲರ ಮುಂದೆ ತಲೆಯೆತ್ತಿ ನಿಂತಳು. ಮ್ಯಾನೇಜರು ಚಪ್ಪಾಳೆ ತಟ್ಟಿದರು. ರೋಗಿಗಳನ್ನು ನೋಡಲು ಬಂದವರು ಗುಂಡಿ ಒತ್ತಿ ಲಿಫ್ಟಿಗೆ ಕಾಯುತ್ತಿದ್ದರು, ಗೋಡೆಗೆ ಬೆನ್ನು ಹಾಕಿ.

ಆ ಬೆನ್ನುಗಳಲ್ಲಿ ನಿಮ್ಮದೂ ಒಂದು. ನಿಮ್ಮೂರಿನ ಆಸ್ಪತ್ರೆಯಲ್ಲೂ ಒಂದು ಹೊಲಿಗೆ ಕೋಣೆ ಇದೆ, ಅಲ್ಲೂ ನಡು ತಗ್ಗಿದ ಒಂದು ಸ್ಟೂಲಿದೆ. ಮುಂದಿನ ಸಲ ಹೋದಾಗ ಲಿಫ್ಟಿನಲ್ಲಿ ಮೇಲಕ್ಕೆ ಹೋಗುವ ಮುಂಚೆ ಮೆಟ್ಟಿಲಿಳಿದು ಕೆಳಗೆ ಹೋಗಿ. ಬಾಗಿಲು ತಟ್ಟಿ. ಅಲ್ಲಿ ಕೂತವಳ ಮುಖ ನೋಡಿ, "ನೀವು ಹೊಲಿದ ಶೀಟಿನ ಮೇಲೆ ನಾನು ಮಲಗಿದ್ದೆ, ಚುಚ್ಚಲಿಲ್ಲ" ಎಂದು ಹೇಳಿ. ಹೇಳಿ, ಆಕೆಯನ್ನು ಮುಂಬಾಗಿಲಿನಿಂದ ಹೊರಗೆ ಕರೆದುಕೊಂಡು ಬನ್ನಿ.