ಬುಧವಾರದ ಕೋಣೆಯಲ್ಲಿ ಕೇಳಿದ್ದು

ನರ್ಸುಗಳನ್ನು ಗುಂಡಗೆ ಕೂರಿಸಿ ಮಾತಾಡಿಸಿದರೆ ಅವರ ದಣಿವು ಇಳಿಯುತ್ತದೆ ಎಂದು ನಮ್ಮ ಆಸ್ಪತ್ರೆಯ ಆಡಳಿತದವರಿಗೆ ಯಾರೋ ಹೇಳಿದ್ದರು. ದಣಿವು ಇಳಿಯಬೇಕಾದರೆ ಇನ್ನೂ ನಾಲ್ಕು ಜನ ನರ್ಸುಗಳನ್ನು ಕೊಡಿ ಎಂದು ನಾನು ಬರೆದುಕೊಟ್ಟು ಬರೆದುಕೊಟ್ಟು ಸಾಕಾಗಿತ್ತು. ಜನ ಬರಲಿಲ್ಲ, ಕುರ್ಚಿಗಳು ಬಂದವು. ಐದನೇ ಮಹಡಿಯ ಕಿಟಕಿಯಿಲ್ಲದ ತರಬೇತಿ ಕೋಣೆಯಲ್ಲಿ ಹತ್ತು ಪ್ಲಾಸ್ಟಿಕ್ ಕುರ್ಚಿ, ಪ್ರತಿ ಬುಧವಾರ ಬೆಳಗಿನ ಪಾಳಿ ಮುಗಿದ ಮೇಲೆ ಒಂದು ಗಂಟೆ.

ನಾನು ಕಲಬುರಗಿ ಕಡೆಯವಳು. ಈಗ ಮನೆ ಈ ತೆಲುಗು ಊರಿನ ಕೂಕಟ್‌ಪಲ್ಲಿಯಲ್ಲಿ, ಅಲ್ಲಿಂದ ಮೆಟ್ರೊ ಹಿಡಿದು ಕೆಲಸಕ್ಕೆ ಹೋಗುತ್ತೇನೆ. ತೀವ್ರ ನಿಗಾ ಘಟಕದ ಇನ್‌ಚಾರ್ಜ್ ಎಂದು ಹೆಸರು. ಯಾರು ಯಾವ ಹಾಸಿಗೆ ನೋಡಿಕೊಳ್ಳಬೇಕೆಂದು ವಾರದ ಡ್ಯೂಟಿ ಪಟ್ಟಿ ಬರೆಯುವವಳು ನಾನೇ. ಉಳಿದಂತೆ ಎಲ್ಲರ ಹಾಗೆ ನಾನೂ ಸೊಂಟ ಹಿಡಿದುಕೊಂಡು ಓಡಾಡುವವಳು.

ಗುಂಪು ನಡೆಸಲು ಕೊಂಡಾಪುರದಿಂದ ಒಬ್ಬ ಆಪ್ತಸಮಾಲೋಚಕಿ ಬರುತ್ತಿದ್ದರು. ಮೆದು ಮಾತಿನ ಹೆಂಗಸು. ಮೊದಲ ದಿನವೇ ನಿಯಮಗಳನ್ನು ಹಿಂದಿಯಲ್ಲಿ ಹೇಳಿದರು. ಬ್ಯಾಡ್ಜ್ ಬಿಚ್ಚಿ ತಟ್ಟೆಯಲ್ಲಿಡಬೇಕು, ಇಲ್ಲಿ ಹಿರಿಯರು ಕಿರಿಯರು ಇಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು, ಬುದ್ಧಿ ಹೇಳಬಾರದು. ಈ ಕೋಣೆಯಲ್ಲಿ ಆಡಿದ್ದು ಈ ಕೋಣೆಯಲ್ಲೇ ಉಳಿಯಬೇಕು. ಬ್ಯಾಡ್ಜ್ ಬಿಚ್ಚಿದಷ್ಟು ಸಲೀಸಾಗಿ ಹಿರಿತನ ಬಿಚ್ಚಿಡಲು ಬರುತ್ತದೆಯೇ ಎಂದು ನನಗೆ ಆಗಲೇ ನಗು ಬಂದಿತ್ತು. ಆದರೂ ಬಿಚ್ಚಿಟ್ಟೆ, ಎಲ್ಲರ ಜೊತೆ ನಾನೂ ಮಾತು ಕೊಟ್ಟೆ.

ಮೊದಲ ವಾರಗಳಲ್ಲಿ ಕ್ಯಾಂಟೀನಿನ ಚಹಾ, ಮೆಟ್ರೊದ ನೂಕುನುಗ್ಗಲು, ಅತ್ತೆಯ ಮುನಿಸು. ನಗುತ್ತಿದ್ದೆವು. ನಿಜ ಹೇಳಬೇಕೆಂದರೆ ನನಗೂ ಹಿತವೆನಿಸಿತ್ತು. ವಾರ್ಡಿನಲ್ಲಿ ಸಿಡುಕಿನಿಂದ ಕೈಕೈಗೆ ಫೈಲು ಎಸೆಯುತ್ತಿದ್ದವರು “ಸ್ವಲ್ಪ ಹಿಡೀತೀಯೇನು” ಎಂದು ಕೇಳಿ ಕೊಡತೊಡಗಿದ್ದರು.

ಮೂರನೇ ಬುಧವಾರ ರಾಯಚೂರಿನವಳು ಬಾಯಿ ಬಿಟ್ಟಳು. ನಮ್ಮ ಘಟಕದಲ್ಲಿ ಹನ್ನೊಂದು ವರ್ಷ ದುಡಿದವಳು, ನನ್ನ ಬಲಗೈ ಇದ್ದ ಹಾಗೆ. ಅವಳು ಹೇಳಿದ್ದು ಅರ್ಥವಾಗಬೇಕಾದರೆ ನಮ್ಮ ಯಂತ್ರಗಳ ವಿಷಯ ಗೊತ್ತಿರಬೇಕು. ಅವು ದಿನವಿಡೀ ಕೂಗುತ್ತವೆ. ರೋಗಿ ಕೆಮ್ಮಿದರೆ ಕೂಗು, ಮಗ್ಗಲು ಬದಲಿಸಿದರೆ ಕೂಗು, ಬೆರಳಿನ ಕ್ಲಿಪ್ಪು ಜಾರಿದರೂ ಕೂಗು. ಬಹುಪಾಲು ಸುಳ್ಳು ಕೂಗು. ಯಂತ್ರದ ಮೂಲೆಯಲ್ಲಿ ಒಂದು ಗುಂಡಿಯಿದೆ, ಒತ್ತಿದರೆ ಎರಡು ನಿಮಿಷ ಬಾಯಿ ಮುಚ್ಚುತ್ತದೆ. ಮೊದಲು ರೋಗಿಯ ಮುಖ ನೋಡಬೇಕು, ಆಮೇಲೆ ಗುಂಡಿ ಒತ್ತಬೇಕು ಎಂಬುದು ನಿಯಮ. ವರ್ಷಗಟ್ಟಲೆ ಆ ಕೂಗಿನಲ್ಲಿ ಬದುಕಿದ ಮೇಲೆ ಕೈ ಮೊದಲು ಹೋಗುತ್ತದೆ, ಕಣ್ಣು ಆಮೇಲೆ.

“ಅಲಾರಾಂ ನನ್ನ ಕಿವಿಗೆ ಬೀಳವಲ್ತುರಿ,” ಎಂದಳು ರಾಯಚೂರಿನವಳು. “ಗುಂಡಿ ಒತ್ತಿರತೀನಿ. ಯಾವಾಗ ಒತ್ತಿದೆ ಅಂತ ನನಗ ಗೊತ್ತಿರಂಗಿಲ್ಲ. ಮುಖ ನೋಡದನ ಮುಂದ ಹೋಗಿರತೀನಿ. ಭಾಳ ಅಂಜಿಕಿ ಆಗಾಕತ್ತೈತಿ.”

ಉಳಿದವರಿಗಾಗಿ ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು. ಎದುರಿಗೆ ಕೂತಿದ್ದ ನಲ್ಗೊಂಡದ ನರ್ಸು ಉಗುರು ಕಚ್ಚುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ, ಏಕೆಂದರೆ ನನ್ನ ಕೈಯೂ ಎಷ್ಟೋ ಸಲ ಹಾಗೆಯೇ ಹೋಗಿತ್ತು. “ನನಗೂ ಹಾಗೇ ಆಗುತ್ತದೆ” ಎಂಬ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು. ಇನ್‌ಚಾರ್ಜ್ ಆದವಳು ಹಾಗೆ ಹೇಳಬಾರದು ಎಂದು ಸುಮ್ಮನಿದ್ದೆ. ಸಮಾಲೋಚಕಿ ಅವಳಿಗೆ ಕೃತಜ್ಞತೆ ಹೇಳಿದರು, ಗಂಟೆ ಮುಗಿಯಿತು.

ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ. ರಾಯಚೂರಿನವಳು ನೋಡಿಕೊಳ್ಳುತ್ತಿದ್ದದ್ದು ನಾಲ್ಕನೇ ಹಾಸಿಗೆ. ಅಲ್ಲಿ ಬೀದರ್ ಕಡೆಯ ಹಿರಿಯರೊಬ್ಬರಿದ್ದರು. ಈ ಊರಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಉಸಿರಾಟಕ್ಕೆಂದು ಗಂಟಲಲ್ಲಿ ತೂತು ಮಾಡಿ ನಳಿಕೆ ಹಾಕಿದ್ದರಿಂದ ಅವರಿಗೆ ದನಿಯಿರಲಿಲ್ಲ. ನಾನು ಕನ್ನಡದವಳೆಂದು ತಿಳಿದ ಮೇಲೆ ನನ್ನ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದರು. ಒಂದು ದಿನ “ಚಹಾ” ಎಂದು ಬರೆದರು, ಕೊಡುವಂತಿಲ್ಲ ಎಂದಾಗ “ಪಾಪಿ” ಎಂದು ಬರೆದು ನಕ್ಕರು. ನಳಿಕೆಯಲ್ಲಿ ಕಫ ಕಟ್ಟಿದರೆ ಅವರು ಕೂಗಲಾರರು. ಅವರ ಪರವಾಗಿ ಕೂಗಲು ಇದ್ದದ್ದು ಆ ಯಂತ್ರ ಒಂದೇ.

ಅವರ ಹೆಂಡತಿ ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದರು. “ಒಳಗ ನೀವದೀರಿ ಅಂತ ನಾ ಹೊರಗ ಸುಮ್ನ ಕುಂತೀನ್ರಿ,” ಎಂದು ಒಮ್ಮೆ ನನ್ನ ಕೈ ಹಿಡಿದುಕೊಂಡರು. ಆ ಕೈ ಬಿಡಿಸಿಕೊಳ್ಳುವಾಗ ನನಗೆ ಭಯವಾಯಿತು.

ಕೋಣೆಯಲ್ಲಿ ಕೇಳಿದ್ದು ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೊರಗೆ ಆಡಿದರೆ ಮಾತು ತಪ್ಪಿದಂತೆ, ಆಡದಿದ್ದರೆ ನಾಲ್ಕನೇ ಹಾಸಿಗೆ. ಕೊನೆಗೆ ನಾನು ಯಾರಿಗೂ ಏನೂ ಹೇಳಲಿಲ್ಲ, ಪಟ್ಟಿಯನ್ನಷ್ಟೇ ಬದಲಾಯಿಸಿದೆ. ಬೀದರ್, ಕಲಬುರಗಿ ಕಡೆಯಿಂದ ಬರುವ ರೋಗಿಗಳು ಬಹಳ, ಡಿಸ್ಚಾರ್ಜ್ ಕೌಂಟರಿನಲ್ಲಿ ಕನ್ನಡ ಬಲ್ಲವರು ಬೇಕು ಎಂದು ನೆಪ ಮಾಡಿ ರಾಯಚೂರಿನವಳನ್ನು ಅಲ್ಲಿಗೆ ಹಾಕಿದೆ. ನಾಲ್ಕನೇ ಹಾಸಿಗೆಗೆ ನಲ್ಗೊಂಡದವಳನ್ನು ತಂದೆ. ಚುರುಕು ಹೆಂಗಸು, ಗುಂಪಿನಲ್ಲಿ ಒಂದು ದಿನವೂ ದೂರು ಹೇಳಿದವಳಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದೆ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ರಾಯಚೂರಿನವಳು ಗೋಡೆಯ ಮೇಲಿನ ಪಟ್ಟಿಯನ್ನು ನಿಂತು ಓದಿದಳು. ಹಿಂದೆ ನಿಂತವರೆಲ್ಲ ಓದಿದರು. ಅವರೆಲ್ಲ ಬುಧವಾರದ ಕೋಣೆಯಲ್ಲಿ ಇದ್ದವರೇ. “ಆಯ್ತ್ರಿ ಅಕ್ಕಾ,” ಎಂದಳು ಅವಳು ಅಷ್ಟೆ, ನೀರಿನ ಬಾಟಲಿ ಎತ್ತಿಕೊಂಡು ಕೆಳಗೆ ಹೋದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಮುಂದಿನ ಬುಧವಾರ ಸಮಾಲೋಚಕಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಚೆನ್ನಾಗಿದ್ದೇನೆ ಎಂದಳು ಒಬ್ಬಳು. ಎಲ್ಲಾ ಸರಿಯಿದೆ ಎಂದಳು ಪಕ್ಕದವಳು. “ಬಾಗುನ್ನಾನು,” ಎಂದು ಅದೇ ಮಾತನ್ನು ತೆಲುಗಿನಲ್ಲಿ ಹೇಳಿದಳು ನಲ್ಗೊಂಡದವಳು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಅದರ ಮುಂದಿನ ವಾರವೂ ಅಷ್ಟೆ. ಹತ್ತು ಕುರ್ಚಿಯಲ್ಲಿ ಒಬ್ಬರಿಗೂ ಒಂದು ನೋವಿಲ್ಲ. ನರ್ಸುಗಳ ಒತ್ತಡ ಇಳಿದಿದೆ ಎಂದು ವರದಿ ಹೋಯಿತು, ಆಡಳಿತದವರು ಕೇಕು ಕಳಿಸಿದರು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಮಾತು ಕಲಿತಿದ್ದೇನೆ: ನೋವು ನೋವು ಎನ್ನುತ್ತಿದ್ದ ರೋಗಿ ಔಷಧಿಯಿಲ್ಲದೆ ಇದ್ದಕ್ಕಿದ್ದಂತೆ ಸುಮ್ಮನಾದರೆ ಓಡಿ ಹೋಗಿ ನೋಡಬೇಕು. ಅದು ನೆನಪಾಗಿಯೂ ನಾನು ಓಡಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ, ನಾನು ಮೇಜಿನ ಬಳಿ ಫೋನಿನಲ್ಲಿ ಔಷಧಿ ವಿಭಾಗದವರ ಜೊತೆ ಜಗಳವಾಡುತ್ತಿದ್ದೆ. ರಾಯಚೂರಿನವಳು ಯಾವುದೋ ಫೈಲು ಕೇಳಲು ಒಳಗೆ ಬಂದವಳು ನಾಲ್ಕನೇ ಹಾಸಿಗೆಯ ಹತ್ತಿರ ನಿಂತಳು.

“ಅಕ್ಕಾ, ಇವರ ಮುಖ ನೋಡ್ರಿ,” ಎಂದಳು, ಬಹಳ ಮೆಲ್ಲಗೆ.

ಮುಖ ನೀಲಿಯಾಗಿತ್ತು. ಯಂತ್ರ ಸುಮ್ಮನಿತ್ತು. ನಲ್ಗೊಂಡದವಳು ಅತ್ತ ಬೆನ್ನು ಮಾಡಿ ಐದನೇ ಹಾಸಿಗೆಯ ಡ್ರಿಪ್ಪು ಬದಲಿಸುತ್ತಿದ್ದಳು. ನಾನು ಫೋನು ಬಿಸಾಕಿ ಓಡುವಷ್ಟರಲ್ಲಿ ರಾಯಚೂರಿನವಳು ನಳಿಕೆಯ ಒಳಭಾಗ ಎಳೆದು ಗಟ್ಟಿ ಕಫ ತೆಗೆದಿದ್ದಳು. ಡಾಕ್ಟರು ಬಂದರು, ಎದೆ ಒತ್ತಿದೆವು. ಬಹಳ ಹೊತ್ತಿನ ಮೇಲೆ ಹೃದಯ ಬಡಿಯಿತು. ಆದರೆ ಹೋದದ್ದೆಲ್ಲ ವಾಪಸ್ ಬರಲಿಲ್ಲ. ಮರುದಿನ ಹೆಂಡತಿ ಹೆಸರು ಹಿಡಿದು ಕರೆದರೆ ಅವರ ಕಣ್ಣು ತೆರೆದೇ ಇತ್ತು, ಆಕೆಯ ಕಡೆ ತಿರುಗಲಿಲ್ಲ. ಇವತ್ತಿಗೂ ತಿರುಗಿಲ್ಲ.

ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಅದು ಕೂಗಿತ್ತು. ಬಾಯಿ ಮುಚ್ಚಿಸಿದ್ದರು. ಮತ್ತೆ ಕೂಗಿತ್ತು, ಮತ್ತೆ ಮುಚ್ಚಿಸಿದ್ದರು, ಮೂರು ಸಲ. ಐದು ಹೆಜ್ಜೆ ದೂರದ ಮೇಜಿನಲ್ಲಿ ಕೂತಿದ್ದ ನನಗೂ ಆ ಮೂರು ಕೂಗಿನಲ್ಲಿ ಒಂದೂ ಕೇಳಿರಲಿಲ್ಲ.

ನಲ್ಗೊಂಡದವಳನ್ನು ಬಟ್ಟೆ ಇಡುವ ಕೋಣೆಗೆ ಕರೆದೊಯ್ದು ಬೈದೆ. ನಾಚಿಕೆಯಿಲ್ಲದೆ ಬೈದೆ. ಅವಳು ಅಳಲಿಲ್ಲ. ತೆಲುಗಿನಲ್ಲಿ, ಚಾರ್ಟು ಓದಿ ಹೇಳುವಂತೆ ಹೇಳಿದಳು: “ನನಗೂ ಹಾಗೇ ಆಗುತ್ತಿತ್ತು ಮೇಡಂ, ಎಷ್ಟೋ ದಿನದಿಂದ. ರಾಯಚೂರಿನ ಅಕ್ಕ ಹೇಳಿದ ದಿನ, ಮುಂದಿನ ಬುಧವಾರ ನಾನೂ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ನೀವು ಪಟ್ಟಿ ಹಾಕಿದಿರಿ.”

ಮರು ಬುಧವಾರ ಸಮಾಲೋಚಕಿ ಕೇಳುವ ಮೊದಲೇ ನಾನು ಬಾಯಿ ತೆರೆದೆ. ಕೋಣೆಯ ಮಾತನ್ನು ಹೊರಗೆ ಒಯ್ದವಳು ನಾನು ಎಂದೆ. ಪಟ್ಟಿ ಬದಲಿಸಿದ್ದು ಕನ್ನಡಕ್ಕಾಗಿ ಅಲ್ಲ, ಹೆದರಿಕೆಯಿಂದ ಎಂದೆ. ನನ್ನ ಕೈಯೂ ಹಾಗೇ ಹೋಗುತ್ತದೆ, ಅವತ್ತು ನೆಲ ನೋಡುತ್ತಾ ಕೂತಿದ್ದೆ, ನನ್ನನ್ನು ಕ್ಷಮಿಸಿ ಎಂದೆ. ಇನ್ನು ಮುಂದೆ ಯಾರು ಏನು ಹೇಳಿದರೂ ಅವರಿಗೆ ತೊಂದರೆ ಮಾಡುವುದಿಲ್ಲ ಎಂದೂ ಸೇರಿಸಿದೆ. ಹೇಳುತ್ತಾ ಹೇಳುತ್ತಾ ಅತ್ತೆ. ಅತ್ತ ಮೇಲೆ ಯಾರಾದರೂ ಮಾತಾಡುತ್ತಾರೆ ಎಂದು ಕಾದೆ.

ರಾಯಚೂರಿನವಳು ಮಾತಾಡಿದಳು. ಸಿಟ್ಟಿರಲಿಲ್ಲ ಅವಳಿಗೆ, ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು.

“ಅಕ್ಕಾ, ಬರೂ ವಾರದ ಪಟ್ಟಿ ಯಾರು ಬರೀತಾರ್ರಿ?”

“ನಾನೇ,” ಎಂದೆ.

ಅವಳು ತಲೆಯಾಡಿಸಿ ಕುರ್ಚಿಗೆ ಒರಗಿದಳು. ಉಳಿದವರೂ ಒರಗಿದರು. ಆ ಒಂದು ಗಂಟೆಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು, ಅಷ್ಟೂ ಹೊತ್ತು ಯಾರೂ ಬಾಯಿ ಬಿಡಲಿಲ್ಲ.