ಎಡ ಅಂಗೈಯ ಅರ್ಧ ಗಂಟೆ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಸಿದ್ದರಾಮಪ್ಪನವರು ನನಗೆ ಕಾರು ಕಲಿಸಿದವರು. ನಾನು ಪಾಸಾದದ್ದು ನಾಲ್ಕನೇ ಸಲಕ್ಕೆ. ಮೊದಲ ಮೂರು ಸಲ ಫೇಲಾದದ್ದಕ್ಕೆ ಅವರ ಕಲಿಸುವಿಕೆ ಕಾರಣವಲ್ಲ, ನನ್ನ ಬಾಯಿ ಕಾರಣ. ಎಲ್ಲ ನನಗೇ ಗೊತ್ತು ಅನ್ನುವ ಬೆಂಗಳೂರಿನ ರೋಗ ನನಗೆ ಹುಟ್ಟಿನಿಂದಲೇ ಇದೆ. ಬೇರೆ ಮೇಷ್ಟರಾಗಿದ್ದರೆ ಬೈಯುತ್ತಿದ್ದರು. ಇವರು ತಮ್ಮ ಕಡೆಯ ಬ್ರೇಕ್ ಒತ್ತಿ, ನನ್ನ ಮಾತು ಮುಗಿಯುವವರೆಗೆ ಕಾಯುತ್ತಿದ್ದರು, ಅಷ್ಟೇ.

ಬೈಲಹೊಂಗಲದ ಕಡೆಯವರು, ವಯಸ್ಸು ಐವತ್ತೆಂಟು. ವಾರಕ್ಕೆ ಮೂರು ದಿನ ಒಂದು ಔಷಧಿ ಅಂಗಡಿಯ ವ್ಯಾನಿನಲ್ಲಿ ಮುದುಕರ ಮನೆಗಳಿಗೆ ಮಾತ್ರೆ ತಲುಪಿಸುವ ಕೆಲಸ. ಉಳಿದ ದಿನ ಸ್ವಂತದ ಡ್ರೈವಿಂಗ್ ಪಾಠ. ಪಕ್ಕದ ಡಿಡ್ಸ್‌ಬರಿಯಲ್ಲಿ ಕಾರು ಓಡಿಸುವ ಕನ್ನಡದ ಡಾಕ್ಟರುಗಳಲ್ಲಿ ಬಹಳ ಜನ ಇವರ ಶಿಷ್ಯರೇ. ಹಬ್ಬದ ಊಟಗಳಲ್ಲಿ ಎಲ್ಲರೂ ಇವರನ್ನು ಮಾತಾಡಿಸುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಮನೆಗೆ ಬಂದವರನ್ನು ಮಾತ್ರ ಬೆರಳಲ್ಲಿ ಎಣಿಸಬಹುದು.

ಕತ್ತಿನ ಮೂಳೆ ನರವನ್ನು ಒತ್ತುತ್ತಿತ್ತಂತೆ. ಮೊದಲು ಅಂಗಿಯ ಗುಂಡಿ ಹಾಕುವುದು ಕಷ್ಟವಾಯಿತು, ಆಮೇಲೆ ಗೇರು ಬದಲಿಸುವುದು, ಆಮೇಲೆ ತುತ್ತು ಎತ್ತುವುದು. ಎರಡೂ ಕೈ ಸೊಂಟದಿಂದ ಮೇಲೆ ಬರದಾದವು. ಆಪರೇಷನ್ ಮಾಡಿದರೆ ಇಷ್ಟಕ್ಕೇ ನಿಲ್ಲಬಹುದು, ಹೋದದ್ದು ಬರುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಸರದಿಯಲ್ಲಿ ಹೆಸರು ಬರೆದುಕೊಂಡರು.

ಔಷಧಿ ಅಂಗಡಿಯವರು ಇಪ್ಪತ್ತೆಂಟು ವಾರ ಸಿಕ್ ಪೇ, ಅಂದರೆ ಕಾಯಿಲೆಯ ರಜೆಯ ಸಂಬಳ, ಕೊಟ್ಟರು. ಪಾಠದ ಕೆಲಸಕ್ಕೆ ಸಿದ್ದರಾಮಪ್ಪನವರೇ ಯಜಮಾನರು, ಅಲ್ಲಿ ಕೊಡುವವರು ಯಾರು? ಕೊನೆಗೆ ಅಂಗಡಿಯಿಂದ ಒಂದು ಫಾರ್ಮ್ ಬಂತು: ಇನ್ನು ನಮ್ಮಿಂದ ಸಿಗುವುದಿಲ್ಲ, ಸರ್ಕಾರವನ್ನು ಕೇಳಿ. ಆಗ ಅವರ ಹೆಂಡತಿ ಗಂಗವ್ವ ನನಗೆ ಫೋನ್ ಮಾಡಿದರು. ಕೂಡಿಟ್ಟ ಹಣವಿದ್ದವರಿಗೆ ಕೊಡದ ಒಂದು ಸರ್ಕಾರಿ ಬೆನಿಫಿಟ್‌ಗೆ ಮಗಳ ಮದುವೆಗೆಂದು ಕೂಡಿಟ್ಟ ದುಡ್ಡು ಅಡ್ಡ ಬಂತು. ಉಳಿದದ್ದು ಇನ್ನೊಂದೇ, ಇಷ್ಟು ವರ್ಷ ಕಟ್ಟಿದ ನ್ಯಾಷನಲ್ ಇನ್ಶೂರೆನ್ಸಿನ ಮೇಲೆ ಕೊಡುವಂಥದ್ದು. ಕಟ್ಟುವುದರಲ್ಲಿ ಸಿದ್ದರಾಮಪ್ಪ ಒಮ್ಮೆಯೂ ತಪ್ಪಿದವರಲ್ಲ, ಹಾಗಾಗಿ ಅದು ಶುರುವಾಯಿತು. ಆದರೆ ಮುಂದುವರಿಯಬೇಕಾದರೆ, ಕೆಲಸ ಮಾಡಲಾಗದು ಎಂದು ತೋರಿಸುವ ತಪಾಸಣೆಯಲ್ಲಿ ಗೆಲ್ಲಬೇಕು. ಆ ಮನೆಯ ಬದುಕು ಅದೊಂದರ ಮೇಲೆ ನಿಂತಿತ್ತು.

ನಾನು ನಿಯಮಗಳನ್ನೆಲ್ಲ ಓದಿಕೊಂಡೆ. ಕೋಟಿನ ಮೇಲಿನ ಜೇಬಿಗೆ ಪೆನ್ನು ಹಾಕುವಷ್ಟು ಎತ್ತರಕ್ಕೆ ಎರಡರಲ್ಲಿ ಒಂದು ಕೈಯೂ ಹೋಗದಿದ್ದರೆ ಅಷ್ಟೇ ಸಾಕಿತ್ತು. ಬೇರೆ ಏನೂ ಸಾಬೀತು ಮಾಡಬೇಕಿರಲಿಲ್ಲ. ತಪಾಸಣೆಯ ದಿನ ಮ್ಯಾಂಚೆಸ್ಟರಿನ ಪಿಕಡಿಲಿಗೆ ಹೋಗುವ ರೈಲಿನಲ್ಲಿ ಇದನ್ನು ಅವರಿಗೆ ಮೂರು ಸಲ ಹೇಳಿದೆ.

ಮಾತು ತೊಡಕಾದರೆ ತಿಳಿಸಿ ಹೇಳಲು ನಾನೂ ಒಳಗೆ ಕೂತೆ. ತಪಾಸಣೆ ಮಾಡುವಾಕೆ ಒಳ್ಳೆಯ ಹೆಂಗಸು, ನಗುನಗುತ್ತಲೇ ಕೇಳಿದಳು. ಕೈ ಎತ್ತಿ ಅಂದಾಗ ಇವರ ಕೈಗಳು ಬೆಲ್ಟಿನವರೆಗೆ ಬಂದು ನಿಂತವು. ಆಕೆ ಬರೆದುಕೊಂಡಳು. ನನ್ನ ಎದೆಯ ಭಾರ ಇಳಿಯಿತು. ಆಮೇಲೆ ದಿನ ಹೇಗೆ ಶುರುವಾಗುತ್ತದೆ ಎಂದು ಕೇಳಿದಳು. ಸ್ನಾನ, ಪೂಜೆ, ಚಹಾ ಎಂದರು. ಎಂಥ ಪೂಜೆ ಎಂದಳು. ಅವರು ಇಂಗ್ಲಿಷಿನಲ್ಲಿ ಮಾತು ಹುಡುಕುತ್ತಾ ನನ್ನ ಕಡೆ ನೋಡಿದರು.

ಪ್ರಾರ್ಥನೆ ಅಂತ ಒಂದು ಮಾತು ಹೇಳಿ ಮುಗಿಸಬಹುದಿತ್ತು. ನಾನು ಹಾಗೆ ಬಿಡುವವಳೇ? ಇವರದು ಗುಡಿಗೆ ಹೋಗಿ ಮಾಡುವ ಪೂಜೆಯಲ್ಲ, ಕೊರಳಲ್ಲಿ ಧರಿಸಿದ ಲಿಂಗವನ್ನು ಎಡ ಅಂಗೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂರುತ್ತಾರೆ, ನಡುವೆ ಯಾವ ಪೂಜಾರಿಯೂ ಬೇಡ, ಒಂದು ದಿನವೂ ತಪ್ಪಿಸಿದವರಲ್ಲ ಎಂದು ಉಪನ್ಯಾಸವನ್ನೇ ಕೊಟ್ಟೆ. ಆಕೆ ಪೆನ್ನು ಎತ್ತಿ, ಈಗಲೂ ದಿನಾ ಮಾಡುತ್ತೀರಾ ಎಂದು ಅವರನ್ನು ಕೇಳಿದಳು. ಅವರು ಸ್ವಲ್ಪ ತಡೆದು ಹೌದು ಎಂದರು.

ಮೂರು ವಾರಕ್ಕೆ ಕಾಗದ ಬಂತು. ದಿನಾ ಅರ್ಧ ಗಂಟೆ ಎಡಗೈಯನ್ನು ಎದೆಯ ಎತ್ತರದಲ್ಲಿ ಹಿಡಿಯಬಲ್ಲವರು ಜೇಬಿಗೆ ಕೈ ಒಯ್ಯಬಲ್ಲರು, ಕೆಲಸಕ್ಕೆ ಶಕ್ತರು, ಹಣ ನಿಲ್ಲಿಸಲಾಗಿದೆ. ನಾನು ಹೇಳಿದ ಮಾತೇ ಅಕ್ಷರಶಃ ಅಲ್ಲಿತ್ತು. ಅದನ್ನು ಅವರಿಗೆ ಓದಿ ಹೇಳಬೇಕಾದವಳೂ ನಾನೇ.

ಗಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಅವರ ಕೈ ಎಲ್ಲಿ ನಿಲ್ಲತೈತಿ ತಂಗಿ? ಕೆಳಗ ನನ್ನ ಕೈ ಇರತೈತಿ. ಎಂಟು ತಿಂಗಳಾತು, ನಾನ ಎತ್ತಿ ಹಿಡೀತೀನಿ" ಅಂದರು.

ಅಲ್ಲೇ ಯಾಕೆ ಹೇಳಲಿಲ್ಲ ಅಂಕಲ್ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ತಪ್ಪು ನನ್ನದಾದಾಗ ನನಗೆ ಸಿಟ್ಟು ಜಾಸ್ತಿ.

"ನೀವು ಅಷ್ಟು ಅಭಿಮಾನದಿಂದ ಹೇಳಾಕತ್ತಿದ್ರಿ," ಅಂದರು. "ಪೂಜಿ ಮಾಡಾಕೂ ಹೆಂಡ್ತಿ ಕೈ ಹಿಡೀಬೇಕು ಅಂತ ಆ ಹೆಣ್ಣಮಗಳ ಮುಂದ ಹ್ಯಾಂಗ ಹೇಳ್ಲಿ?"

ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದಿತ್ತು. ಅವರು ಬೇಡ ಅಂದರು. ನಾನು ಬಿಡಲಿಲ್ಲ, ಗಂಗವ್ವನೂ ಬಿಡಲಿಲ್ಲ. ಅರ್ಜಿ ನಾನೇ ಬರೆದೆ. ಹೆಂಡತಿಯ ನೆರವಿನ ಮಾತು ಸೇರಿಸಿದರೆ ಮತ್ತೆ ಏನಾದರೂ ಅನುಮಾನ ಬಂದೀತೆಂದು ಜಾಣತನ ಮಾಡಿದೆ. ತಪಾಸಣೆಯಲ್ಲಿ ತಪ್ಪಾಗಿ ತಿಳಿಸಲಾಯಿತು, ಈ ಪೂಜೆ ಮಾಡಲು ಇವರಿಂದ ಈಗ ಆಗುವುದೇ ಇಲ್ಲ, ಇವರು ಮಾಡುತ್ತಲೂ ಇಲ್ಲ ಎಂದು ಬರೆದು ಓದಿ ಹೇಳಿದೆ. ಅವರು ಕಾಗದವನ್ನು ತೊಡೆಯ ಮೇಲೆ ಇಡಿಸಿಕೊಂಡರು. ಆಮೇಲೆ ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಸಹಿ ಮಾಡಿದರು.

ಉತ್ತರ ಬರಲು ಒಂಬತ್ತು ವಾರ ಹಿಡಿಯಿತು. ಅಷ್ಟರಲ್ಲಿ ಬಾಡಿಗೆಯ ಪಾಠದ ಕಾರು ವಾಪಸು ಹೋಗಿತ್ತು, ಮದುವೆಯ ದುಡ್ಡು ಕರಗುತ್ತಿತ್ತು. ಲೀಡ್ಸಿನಲ್ಲಿದ್ದ ಮಗಳು ಸೌಮ್ಯಾ ಖರ್ಚಾದರೆ ಆಗಲಿ, ಆ ದುಡ್ಡಿನ ಮಾತೇ ಎತ್ತಬೇಡಿ ಎಂದು ಹೇಳಿದ್ದಳಂತೆ. ಒಂದು ಭಾನುವಾರ ಬೆಳಿಗ್ಗೆ ಹೋಗಿ ಕಾಗದ ಒಡೆದು ಓದಿದೆ. ತೀರ್ಮಾನದಲ್ಲಿ ಬದಲಾವಣೆಯಿಲ್ಲ. ಮೊದಲು ಹೇಳಿದ್ದು ತಾನಾಗಿ ಹೇಳಿದ್ದು, ಈಗ ಹೇಳುತ್ತಿರುವುದು ಹಣ ನಿಂತ ಮೇಲೆ ಹೇಳಿದ್ದು, ಮೊದಲನೆಯದನ್ನೇ ನಂಬುತ್ತೇವೆ ಎಂದಿತ್ತು.

ಟ್ರಿಬ್ಯೂನಲ್ಲಿಗೆ ಹೋಗಬಹುದು ಅಂಕಲ್ ಎಂದೆ. ವರ್ಷವಾದೀತು ಎಂಬುದನ್ನೂ ಹೇಳಿದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಇನ್ನೇನು ಹೇಳಬೇಕೆಂದು ತೋಚದೆ, ಪೂಜೆಯ ಹೊತ್ತಿಗೇ ಬಂದುಬಿಟ್ಟೆನೇನೋ, ಮಾಡಿಕೊಳ್ಳಿ, ನಾನು ಹೊರಗೆ ಕೂರುತ್ತೇನೆ ಎಂದೆ. ಗಂಗವ್ವ ಎದ್ದು ಅಡುಗೆಮನೆಗೆ ಹೋದರು.

"ಸಹಿ ಮಾಡಿದ ದಿನಾನ ಬಿಟ್ಟೀನಿ," ಅಂದರು ಸಿದ್ದರಾಮಪ್ಪ. "ಮಾಡೂದಿಲ್ಲ ಅಂತ ಬರದು ಕೊಟ್ಟು, ಮನ್ಯಾಗ ಕುಂತು ಮಾಡಿದ್ರ ಅದು ಸುಳ್ಳು ಆಕ್ಕೈತಲ್ಲ."

ಅದು ಬರೀ ಅರ್ಜಿ ಅಂಕಲ್, ಯಾರೂ ಬಂದು ನೋಡುವುದಿಲ್ಲ ಎಂದೆ. ಆಡುವಾಗಲೇ ಎಂಥ ಮಾತಾಡಿದೆ ಅನ್ನಿಸಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಗಂಗವ್ವ ಎರಡು ಕಪ್ ಚಹಾ ತಂದರು. ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಊದಿ ಆರಿಸಿ ಅವರ ಬಾಯಿಗೆ ಹಿಡಿದರು.