ಎಸ್ಟೇಟ್ ಕನ್ನಡ

ತಿತಿಮತಿ ಬಸ್ ಸ್ಟಾಪಿನ ಬೆಂಚು ತುಂಬಿತ್ತು. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಹೆಂಗಸೊಬ್ಬಳು ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡು ನನಗೆ ಜಾಗ ಮಾಡಿದಳು. “ಏಯ್, ಕೂತ್ಕೊ.”

ನನಗೆ ಅರವತ್ತು ದಾಟಿದೆ. “ಕೂತ್ಕೊಳ್ಳಿ ಅನ್ನಬೇಕು,” ಎಂದು ತಿದ್ದಿ, ಮುಖ ಬಿಗಿದುಕೊಂಡೇ ಕೂತೆ.

ಪಕ್ಕದ ಟೀ ಅಂಗಡಿಯವರು ಕೇಳಿಸಿಕೊಂಡರು. “ಬೇಜಾರು ಮಾಡ್ಕೋಬೇಡಿ ಮೇಡಂ. ಎಸ್ಟೇಟಲ್ಲಿ ರೈಟ್ರು, ಮೇಸ್ತ್ರಿ ಎಲ್ರೂ ಅವ್ರಿಗೆ ‘ಬಾ, ಎತ್ತು, ಬೇಗ’ ಅಂತ್ಲೇ ಹೇಳೋದು. ಅವ್ರು ಕಲ್ತ ಕನ್ನಡ ಅಷ್ಟೇ.”

ನಾನು ಸ್ವಲ್ಪ ಮೆತ್ತಗಾದೆ. “ಇಷ್ಟು ದೂರ ಯಾಕೆ ಬಂದೆ?” ಎಂದು ಅವಳನ್ನು ಕೇಳಿದೆ.

ಅವಳು ಪದ ಹುಡುಕಿದಳು. “ನದಿ ಬಾ. ಗದ್ದೆ ಎತ್ತು. ಮನೆ ಎತ್ತು.”

ನದಿ ಬಂದು ಗದ್ದೆ, ಮನೆ ಎರಡನ್ನೂ ಕೊಚ್ಚಿಕೊಂಡು ಹೋಯಿತು ಎನ್ನುತ್ತಿದ್ದಾಳೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ಕಳೆದುಕೊಂಡದ್ದನ್ನೂ ಅವಳು ಆ ಅಪ್ಪಣೆಯ ಮಾತಿನಲ್ಲೇ ಹೇಳಬೇಕಾಯಿತು. ತಿದ್ದಿದ್ದಕ್ಕೆ ನಾಚಿಕೆಯಾಯಿತು. ಇನ್ನಾದರೂ ಅವಳಿಗೆ ‘ಬನ್ನಿ’ ಎನ್ನಬೇಕು ಅಂದುಕೊಂಡೆ.

ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಗಂಟು ಹೊತ್ತ ಅವಳು ಹಿಂದೆ ಉಳಿದಳು. ಡ್ರೈವರ್ ಹಾರ್ನ್ ಹೊಡೆದ. ನಾನು ಮೆಟ್ಟಿಲ ಮೇಲಿಂದ ತಿರುಗಿ ಅವಳತ್ತ ಕೈ ಚಾಚಿದೆ.

“ಏಯ್, ಹತ್ತು. ಬೇಗ ಹತ್ತು.”